ಕೆಮ್ಮದ ಸ್ಪೀಕರ್

ಉಳಿದವರು ಬರುವ ಮೊದಲೇ ತಮ್ಮ ತಂಡದ ಸಾಕ್ಷ್ಯಚಿತ್ರದ ಸಂಕಲನದ ಕೋಣೆ ಸೇರಿ, ಆ ಒಂದು ದೃಶ್ಯವನ್ನು ತೆಗೆಸಿಬಿಡಬೇಕೆಂದು ತುತ್ತೂರಿ ಮನೆಯಿಂದ ಬೇಗ ಹೊರಟಿದ್ದ. ಬಾಗಿಲು ತಳ್ಳಿದರೆ ಗೆಳೆಯ ಉಸಿರು ಆಗಲೇ ಒಳಗಿದ್ದ. ಶಾಲೆಗೆ ಮಕ್ಕಳನ್ನಿಳಿಸಿ, ಬಸ್ಸನ್ನು ಬೀದಿಯಲ್ಲಿ ನಿಲ್ಲಿಸಿ, ಚಾಲಕನ ಸಮವಸ್ತ್ರದಲ್ಲೇ ಬಂದು ಕೂತಿದ್ದ.

"ಬಾರೋ ದೊಡ್ಡ ಮನುಷ್ಯ. ನಿಂಗೆ ಅಂತ ಮುಂದಿನ ಕುರ್ಚಿ ಹಿಡಿದಿಟ್ಟಿದೀನಿ."

ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಉಸಿರಿನ ದನಿ, ತರಗೆಲೆಯ ಮೇಲೆ ಯಾರೋ ಎಚ್ಚರದಿಂದ ನಡೆದಂತೆ ಕೇಳುತ್ತಿತ್ತು. ತುತ್ತೂರಿ ಕೂತ.

ಅವರ ತಂಡದ ರ್‍ಯಾಪ್ ಹಾಡುಗಳಲ್ಲಿ ಸಾಲುಗಳು ಉದ್ದ. ತುತ್ತೂರಿ ಒಂದೇ ಓಟದಲ್ಲಿ ಸಾಲನ್ನು ಎಳೆದು ತರುವನು; ಅದರ ಕೊನೆಯ ಎರಡು ಮಾತುಗಳನ್ನು ಪಕ್ಕದಲ್ಲಿ ನಿಂತ ಗೆಳೆಯ ನುಡಿಯುವನು. ಆ ಎರಡು ಮಾತುಗಳಷ್ಟೇ ಅಗಲದ ಬಿಡುವಿನಲ್ಲಿ ತುತ್ತೂರಿ ಎದೆಗೆ ಗಾಳಿ ತುಂಬಿಕೊಳ್ಳಬೇಕು. ಗೆಳೆಯನಿಗೆ 'ಉಸಿರು' ಎಂಬ ಹೆಸರು ಬಿದ್ದದ್ದು ಹಾಗೆ. ಈಗ ಅವನ ಹೆಂಡತಿಯೂ ಅದೇ ಹೆಸರಿನಿಂದ ಗದರಿಸುತ್ತಾಳೆ. ಮೂರನೆಯವಳು ಡಬ್ಬಿ. ಬಿಸ್ಕತ್ತಿನ ಡಬ್ಬಿ ಬಡಿಯುತ್ತ ತಂಡ ಸೇರಿದವಳು, ಇಂದು ತಾಳದ ಯಂತ್ರಕ್ಕೆ ಒಡತಿ.

ಕಳೆದ ಪ್ರವಾಸಕ್ಕೆ ಮೊದಲು, ಆ ಒಡೆದ ದನಿ ಹಾಡನ್ನು ಕೆಡಿಸೀತೆಂದು ತುತ್ತೂರಿ ಹೆದರಿದ. ಹಳೆಯ ಧ್ವನಿಮುದ್ರಿಕೆಗಳಿಂದ ಉಸಿರಿನ ಕೊನೆಮಾತುಗಳನ್ನು ಕತ್ತರಿಸಿ ಸಮಯಕ್ಕೆ ಸರಿಯಾಗಿ ಅವೇ ಮೊಳಗುವಂತೆ ಡಬ್ಬಿಯ ಯಂತ್ರಕ್ಕೆ ತುಂಬಿಸಿದ. ಪ್ರತಿ ಕಾರ್ಯಕ್ರಮಕ್ಕೆ ಮುನ್ನ, ಧ್ವನಿ ಹೊಂದಿಸುವ ಮಿಕ್ಸರ್ ಹಲಗೆಯ ಬಳಿ ಯಾರೂ ಇಲ್ಲದಾಗ, ಗೆಳೆಯನ ಮೈಕಿನ ಗುಂಡಿಯನ್ನು ತಾನೇ ಕೆಳಕ್ಕೆಳೆದ. ಉಸಿರಿಗೆ ಮಾತ್ರ ಹೇಳಲಿಲ್ಲ. ಅವನು ಊರೂರುಗಳಲ್ಲಿ, ಸತ್ತ ಮೈಕಿನ ಮುಂದೆ, ಕತ್ತಿನ ನರ ಉಬ್ಬಿಸಿ ಹಾಡಿದ. ಒಂದು ಊರಿನಲ್ಲಿ ಗುಂಡಿ ಎಳೆದು ತಿರುಗಿದರೆ, ಸಾಕ್ಷ್ಯಚಿತ್ರದ ಹುಡುಗಿ ಕ್ಯಾಮೆರಾ ಹಿಡಿದು ಹಿಂದೆಯೇ ನಿಂತಿದ್ದಳು.

ಡಬ್ಬಿ ಬಂದಳು. ದೀಪ ಆರಿಸಿದರು. ಕ್ಯಾಮೆರಾ ಹಿಡಿದಿದ್ದ ಆ ಹುಡುಗಿಯೇ ನಿರ್ದೇಶಕಿ, ಅವರೆಲ್ಲರಿಗಿಂತ ಚಿಕ್ಕವಳು; "ಅಣ್ಣಂದಿರೇ, ಅಕ್ಕಾ, ಇದಿನ್ನೂ ಹಸಿ ಪ್ರತಿ. ಬೇಡ ಅನ್ನಿಸಿದ್ದು ಹೇಳಿ, ತೆಗೀತೀನಿ" ಎಂದಳು.

ಚಿತ್ರ ಓಡಿತು. ಮೂವರೂ ಒಂದೇ ಕೊಡೆಯಡಿ ಓಡುವುದು, ವ್ಯಾನಿನೊಳಗೆ ಒಬ್ಬರ ಹೆಗಲ ಮೇಲೊಬ್ಬರು ನಿದ್ರಿಸುವುದು. "ನೋಡೇ, ನಿನ್ನ ಜೊಲ್ಲು," ಎಂದು ಉಸಿರು ಡಬ್ಬಿಯನ್ನು ತಿವಿದ. ಅವಳು ನಗಲಿಲ್ಲ. ಬರಲಿರುವುದು ಅವಳಿಗೂ ಗೊತ್ತಿತ್ತು.

ಬಂತು. ಧ್ವನಿಯ ಹಲಗೆ, ಸಾಲುಗುಂಡಿಗಳ ಕೆಳಗೆ ಅಂಟುಪಟ್ಟಿಯ ಮೇಲೆ ಬರೆದ ಹೆಸರುಗಳು. 'ಉಸಿರು' ಎಂಬ ಹೆಸರಿನ ಮೇಲಿನ ಗುಂಡಿಯನ್ನು ಒಂದು ಬೆರಳು ತಳಮುಟ್ಟ ಇಳಿಸಿತು. ಮೂವರೂ ಒಂದೇ ದಿನ ಹಾಕಿಸಿಕೊಂಡ ಹಚ್ಚೆ ಆ ಮುಂಗೈಯಲ್ಲಿತ್ತು. ಕ್ಯಾಮೆರಾ ಮೇಲೇರಿ ತುತ್ತೂರಿಯ ಮುಖದಲ್ಲಿ ನಿಂತಿತು. ಮರುಕ್ಷಣ ವೇದಿಕೆ: ತುತ್ತೂರಿಯ ಪಕ್ಕದಲ್ಲಿ ಉಸಿರು ಕಣ್ಣುಮುಚ್ಚಿ ಹಾಡುತ್ತಿದ್ದಾನೆ, ಕೇಳುತ್ತಿರುವುದು ಅವನ ಇಪ್ಪತ್ತೈದರ ಹರೆಯದ ದನಿ.

ನೆಲ ಬಾಯ್ತೆರೆದಿದ್ದರೆ ತುತ್ತೂರಿ ಎರಡನೆಯ ಯೋಚನೆಯಿಲ್ಲದೆ ಇಳಿದುಬಿಡುತ್ತಿದ್ದ.

"ನಿಲ್ಸಮ್ಮ ಸ್ವಲ್ಪ," ಎಂದ ಉಸಿರು.

ಚಿತ್ರ ನಿಂತಿತು.

"ಲೋ, ನಾನು ಹೇಳ್ಬೇಕು ಅಂತಾನೇ..." ತುತ್ತೂರಿ ತೊದಲಿದ.

"ಗೊತ್ತಿತ್ತು ಬಿಡೋ. ಮೊದಲನೇ ಊರಲ್ಲೇ ಗೊತ್ತಾಯ್ತು. ನಾನು ಕೆಮ್ಮಿದೆ, ಸ್ಪೀಕರ್ ಕೆಮ್ಮಲಿಲ್ಲ."

ಡಬ್ಬಿ ಮುಖ ಮುಚ್ಚಿಕೊಂಡಳು. "ಗೊತ್ತಿದ್ದೂ ಯಾಕೋ ಹಾಡ್ದೆ ಅಷ್ಟು ದಿನ?"

"ಇವನು ಗಾಳಿ ತಗೊಳ್ಳೋದು ನನ್ನ ಬಾಯಿ ನೋಡ್ಕೊಂಡು ಕಣೇ. ಕಿವಿಯಿಂದ ಅಲ್ಲ. ಇವತ್ತಿಗೂ ಅವನಿಗೇ ಅದು ಗೊತ್ತಿಲ್ಲ. ನಾನು ಬಾಯಿ ಮುಚ್ಕೊಂಡು ನಿಂತಿದ್ರೆ ಎರಡನೇ ಸಾಲಿಗೇ ಮುಗ್ಗರಿಸ್ತಿದ್ದ."

ತುತ್ತೂರಿ ನಿಂತುಹೋದ ಚಿತ್ರವನ್ನು ನೋಡಿದ. ಪರದೆಯ ಮೇಲೆ ತನ್ನ ಕತ್ತು ಗೆಳೆಯನ ತುಟಿಗಳ ಕಡೆ ವಾಲಿತ್ತು. ಇಷ್ಟು ವರ್ಷ ಅದನ್ನು ಅವನು ಪ್ರೀತಿಯ ಭಂಗಿಯೆಂದು ತಿಳಿದಿದ್ದ. ಪತ್ರಿಕೆಯವರೂ ಹಾಗೆಂದೇ ಬರೆದಿದ್ದರು.

"ದನಿ ಹೋಗಿದೆ ಅಂತ ನಂಗೆ ಗೊತ್ತಿಲ್ವೇನೋ?" ಉಸಿರು ಮೆಲ್ಲಗೆ ಕೇಳಿದ. "ಮುಖ ನೋಡಿ ಹೇಳಿದ್ದಿದ್ರೆ ಆಗ್ತಿತ್ತು. ಎರಡು ಬೈದು ಸುಮ್ನಾಗ್ತಿದ್ದೆ."

"ಇದು ಚಿತ್ರದಲ್ಲಿ ಇರಲಿ," ಎಂದ ತುತ್ತೂರಿ. ಬೆಳಿಗ್ಗೆ ಹೊರಟಾಗ ಬಯಸಿದ್ದಕ್ಕೆ ತದ್ವಿರುದ್ಧವಾದ ಮಾತು ತನ್ನ ಬಾಯಿಂದಲೇ ಬಂದದ್ದು ಅವನಿಗೆ ಒಂದಿಷ್ಟು ಹಗುರವೆನಿಸಿತು. "ನಾಲ್ಕು ಜನ ನನಗೆ ಉಗೀಲಿ. ತೆಗೀಬೇಡ ಕಣಮ್ಮ."

"ತೆಗಿ," ಎಂದ ಉಸಿರು. "ನನ್ನ ಮಗಳು ಗೆಳತಿಯರನ್ನೆಲ್ಲ ಕಟ್ಕೊಂಡು ನೋಡೋಕೆ ಬರ್ತಾಳೆ. ಅಪ್ಪ ಸುಮ್ನೆ ಬಾಯಾಡಿಸ್ತಿದ್ದ ಅಂತ ಅವಳಿಗೆ ಗೊತ್ತಾಗೋದು ಬೇಡ. ನಿನಗೆ ಉಗಿಸ್ಕೊಳ್ಳೋ ಆಸೆ ಇದ್ರೆ ಬೇರೆ ದಾರಿ ಹುಡುಕ್ಕೋ."

ನಿರ್ದೇಶಕಿ ತುತ್ತೂರಿಯ ಕಡೆ ನೋಡಿದಳು. ಅವನು ಆಗಲೆಂದು ತಲೆಯಾಡಿಸಿದ. ಎರಡು ಸಲ ಕೀಲಿ ಒತ್ತುವಷ್ಟರಲ್ಲಿ ಬೆರಳು, ಹಚ್ಚೆ, ಮುಖ ಮೂರೂ ಇಲ್ಲವಾದವು. ಅವನು ಬೇಡಬಂದದ್ದು ಬೇಡದೆಯೇ ದೊರೆತಿತ್ತು. ಅದನ್ನು ಕೊಟ್ಟವನು ಪಕ್ಕದಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದ.

ಚಿತ್ರ ಮುಂದುವರಿಯಿತು. ಈಗ ಸಂದರ್ಶನ. ತುತ್ತೂರಿ ಕಾಲ ಮೇಲೆ ಕಾಲು ಹಾಕಿ, ಕಿಟಕಿಯ ಬೆಳಕಿಗೆ ಮುಖ ಕೊಟ್ಟು, ನಿಧಾನವಾಗಿ ಹೇಳುತ್ತಿದ್ದ: "ನಮ್ಮ ಮೂವರ ನಡುವೆ ಮುಚ್ಚುಮರೆ ಅನ್ನೋದೇ ಇಲ್ಲ. ಅದೇ ನಮ್ಮ ಸಂಗೀತ."

ಡಬ್ಬಿಯ ಕಡೆಯಿಂದ ನಗುವೋ ಬಿಕ್ಕೋ ತಿಳಿಯದ ಸದ್ದೊಂದು ಬಂತು. ತುತ್ತೂರಿಯ ಕಿವಿಗಳು ಬಿಸಿಯಾದವು.

"ಇದನ್ನೂ ತೆಗಿಯಮ್ಮ," ಎಂದ, ಕೇಳಿಯೂ ಕೇಳದಷ್ಟು ಸಣ್ಣಗೆ.

ಉಸಿರು ಕನ್ನಡಕ ಹಾಕಿಕೊಂಡು ಪರದೆಯನ್ನೇ ನೋಡುತ್ತಿದ್ದ.

"ಇದು ಚಿತ್ರದಲ್ಲಿ ಇರಲಿ," ಎಂದ.