ಅವ್ವ ಒಳಗೆ ಉಣ್ಣುತ್ತಾಳೆ

ಅಜ್ಜಂಪುರದ ಬಸ್ ನಿಲ್ದಾಣದ ಎದುರು ರವಿಕೆ ಹೊಲಿಯುವ ಹುಲಿಗೆಮ್ಮನ ಸಂಗತಿಯನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. ಯಾರ ಬಾಯಲ್ಲಿ ಕೇಳಿದರೂ ಮೊದಲು ಬರುವುದು ಅವಳ ತಂಗಿ ಮಾರಮ್ಮನ ಮಾತೇ.

ಅವ್ವ ತರೀಕೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹುಲಿಗೆಮ್ಮನಿಗೆ ಹತ್ತು ವರ್ಷ. ತಂಗಿ ಇನ್ನೂ ತೊದಲುವ ಕೂಸು. ಅಪ್ಪ ಅದಕ್ಕೂ ಮೊದಲೇ ಇಲ್ಲವಾಗಿದ್ದ. ಸೋದರತ್ತೆ ಕರಿಯಮ್ಮನಿಗೆ ಒಬ್ಬಳನ್ನು ಸಾಕುವಷ್ಟೇ ಶಕ್ತಿಯಿತ್ತು. ದೊಡ್ಡವಳು ಅಜ್ಜಂಪುರಕ್ಕೆ ಬಂದಳು. ಕೂಸನ್ನು ಇಟಲಿಯ ದಂಪತಿ ದತ್ತು ಪಡೆದು ಕಡಲಾಚೆ ಕರೆದೊಯ್ದರು. ಮೂರು ದಶಕ ಕಳೆದ ಮೇಲೆ ಆ ಕೂಸು ಹೇಗೋ ಅಕ್ಕನನ್ನು ಹುಡುಕಿ, ಫೋನಿನ ಪರದೆಯಲ್ಲಿ ಕಾಣಿಸಿಕೊಂಡಿತು. ಹೆಸರು ಈಗ ಮಾರಾ. ಅವ್ವನದೇ ಮೂಗು, ಅವ್ವನದೇ ಹುಬ್ಬು. ಬಾಯಿ ತೆರೆದರೆ ಮಾತ್ರ ಒಂದಕ್ಷರ ಕನ್ನಡವಿಲ್ಲ.

ಹೀಗಾಗಿ ಅಕ್ಕನೇ ಇಟಾಲಿಯನ್ ಕಲಿಯಲು ಕೂತಳು. ಕಡೂರಿನ ನರ್ಸ್ ವಿದ್ಯಾಶ್ರೀ ಇಟಲಿಯ ವೃದ್ಧಾಶ್ರಮವೊಂದರ ಕೆಲಸಕ್ಕೆಂದು ಆ ಭಾಷೆ ಕಲಿತು, ವೀಸಾದ ದಾರಿ ಕಾಯುತ್ತಿದ್ದಳು. ಭಾನುವಾರ ಬಂತೆಂದರೆ ಹುಲಿಗೆಮ್ಮ ಕಡೂರಿನ ಬಸ್ಸು ಹಿಡಿದು ಅವಳ ಮನೆಗೆ ಹೋಗುವಳು. ಬರುತ್ತಾಳೆ, ಉಣ್ಣುತ್ತಾಳೆ, ಮಳೆ ಬರುತ್ತದೆ. ಇಷ್ಟು ಮಾತು ನಾಲಿಗೆಗೆ ಹತ್ತಿತ್ತು.

ಪಿತೃಪಕ್ಷದಲ್ಲಿ ಒಂದು ದಿನ ಮಾರಾ ಫೋನು ಮಾಡಿದಳು. ಹುಲಿಗೆಮ್ಮ ಆಗಷ್ಟೇ ಅವ್ವನಿಗೆ ಎಡೆಯಿಟ್ಟಿದ್ದಳು: ಹೊಸ ಸೀರೆ, ಹೋಳಿಗೆ, ಅವ್ವನಿಗೆ ಬಲು ಇಷ್ಟವಾದ ಹುರುಳಿ ಬಸ್ಸಾರು. ಎಡೆಯಿಟ್ಟ ಮೇಲೆ ಬಾಗಿಲೆಳೆದುಕೊಂಡು ಹೊರಗೆ ಕೂರಬೇಕು. ಹಿರಿಯರು ಉಂಡೇಳುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಜಗಲಿಯಲ್ಲೇಕೆ ಕೂತಿದ್ದೀಯೆಂದು ತಂಗಿ ಕೇಳಿದಳು. ಆ ದಿನ ಈ ಸೀಮೆಯವರು ಯಾರೇ ಆದರೂ ಹೇಳುವುದನ್ನೇ ಅಕ್ಕನೂ ಹೇಳಿದಳು: ಇವತ್ತು ಅವ್ವ ಬರುತ್ತಾಳೆ, ಒಳಗೆ ಉಣ್ಣುತ್ತಾಳೆ.

ತಂಗಿಯ ಕಣ್ಣು ತುಂಬಿ ಬಂತು. ಅಕ್ಕ ಅದನ್ನು ಭಕ್ತಿಯೆಂದುಕೊಂಡಳು.

ಮುಂದಿನ ವಾರ ಮಾರಾ ಆಕಾಶನೀಲಿ ಬಣ್ಣದ ಉಣ್ಣೆಯ ಶಾಲೊಂದನ್ನು ಪರದೆಯ ಮುಂದೆ ಹಿಡಿದಳು. ಅದು ಮಾಮ್ಮಾಗೆ, ಅಂದರೆ ಅವ್ವನಿಗೆ. ಬರುವ ವರ್ಷದ ಹಬ್ಬಕ್ಕೆ ತಾನೇ ಬಂದು ಹೊದಿಸುವಳಂತೆ. ಅವಳಿಗೆ ಚಳಿ ಆಗುತ್ತದೆಯೇ ಎಂದೂ ವಿಚಾರಿಸಿದಳು. ಹುಲಿಗೆಮ್ಮನಿಗೆ ಆಗ ಹೊಳೆಯಿತು. ಸಾಕಲಾಗದೆ ಕೊಟ್ಟರೆಂದಷ್ಟೇ ತಂಗಿಗೆ ಗೊತ್ತು. ಅವ್ವ ಸತ್ತದ್ದನ್ನು ಯಾರೂ ಹೇಳಿರಲೇ ಇಲ್ಲ.

"ಆಗಿಹೋದದ್ದನ್ನ ಹೇಳೋದು ಹೆಂಗೆ, ಅದನ್ನ ಕಲಿಸವ್ವ" ಎಂದಳು ಆ ಭಾನುವಾರ ವಿದ್ಯಾಶ್ರೀಗೆ.

"ಭೂತಕಾಲದಲ್ಲಿ ಎರಡು ಥರ ಇದೆ, ಅಕ್ಕ. ಒಂದೇ ಸಲಕ್ಕೆ ಆಗಿ ಮುಗಿದದ್ದು ಒಂದು: ಎ ಮೋರ್ತಾ, ತೀರಿಹೋದ್ಲು. ದಿನಾ ಆಗ್ತಿದ್ದದ್ದು ಇನ್ನೊಂದು: ಕಾಂತಾವಾ, ಹಾಡ್ತಿದ್ಲು."

ಹುಲಿಗೆಮ್ಮ ಆ ಎರಡನೆಯದನ್ನೇ ಅಪ್ಪಿಕೊಂಡಳು. ಹೊಲಿಗೆ ಯಂತ್ರ ತುಳಿಯುತ್ತ ಅದನ್ನೇ ಗುನುಗಿದಳು. ಅವ್ವ ಹಾಡುತ್ತಿದ್ದಳು, ರಾಗಿ ಕೇರುತ್ತಿದ್ದಳು, ತಲೆ ಬಾಚುತ್ತ ಬೈಯುತ್ತಿದ್ದಳು. ಹಾಗೆ ಹೇಳಿದಷ್ಟು ಹೊತ್ತೂ ಅವ್ವನ ಕೆಲಸ ಮುಗಿಯುತ್ತಿರಲಿಲ್ಲ.

"ಏನೇ, ನನ್ನ ರವಿಕೆಗೆ ಮಂತ್ರ ಹಾಕ್ತಿದ್ದೀಯಾ?" ಎಂದು ಪಕ್ಕದ ಬೀದಿಯ ಯಲ್ಲಮ್ಮ ಕಿಚಾಯಿಸಿದಳು. "ತೋಳು ಬಿಗಿಯಾಗ್ಲಿ, ಆಮೇಲೈತೆ ನಿಂಗೆ!"

ಕಡೆಗೆ ವಿದ್ಯಾಶ್ರೀಯೇ ತಾಳ್ಮೆಗೆಟ್ಟಳು. "ಅಕ್ಕ, ಮೊದಲನೇದನ್ನ ಯಾವತ್ತು ಬಾಯಿಬಿಟ್ಟು ಹೇಳೋದು? ನಾನೇ ಹೇಳಿಬಿಡ್ಲಾ? ಇಲ್ಲಾಂದ್ರೆ ಫೋನೇ ಅನುವಾದ ಮಾಡುತ್ತೆ."

"ಫೋನು ನಮ್ಮವ್ವನ್ನ ನೋಡಿತ್ತಾ? ಬ್ಯಾಡ ಕಣವ್ವ. ಅಷ್ಟು ದೂರದಾಗೆ ಒಬ್ಬಳಿಗಾದ್ರೂ ಅವ್ವ ಬದುಕವ್ಳೆ. ಒಂದಷ್ಟು ದಿನ ಇರ್ಲಿ ಅನ್ನಿಸ್ತದೆ."

"ಮತ್ತೆ ಆ ಶಾಲು ಯಾರಿಗೆ ಹೊದಿಸ್ತಾಳೆ ಅವಳು?"

ಹುಲಿಗೆಮ್ಮ ಚೀಲ ಹೆಗಲಿಗೇರಿಸಿ ಎದ್ದಳು. ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ, ಎ ಮೋರ್ತಾ, ಎ ಮೋರ್ತಾ ಎಂದು ತುಟಿಯಾಡಿಸಿದಳು. ಎದುರಾದ ತೆಂಗಿನ ತೋಟಗಳೆಲ್ಲ ಕೇಳಿಸಿಕೊಂಡು ಹಿಂದೆ ಸರಿದವು.

ಮರುದಿನ ತಂಗಿಗೆ ಹೇಳಿದಳು. ಮಾರಾ ಶಾಲನ್ನು ತೊಡೆಯ ಮೇಲೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ ಕೇಳಿದಳು: ಹಾಗಾದರೆ ಅವತ್ತು ಒಳಗೆ ಉಂಡವರು ಯಾರು?

"ಅವ್ವನೇ" ಎಂದಳು ಹುಲಿಗೆಮ್ಮ.

ಎಡೆಯ ಪದ್ಧತಿಯನ್ನು ಬಂದಷ್ಟು ಮಾತಿನಲ್ಲಿ ತಿಳಿಸಿದಳು. ಮತ್ತೆ ಅಷ್ಟು ದಿನ ಕೂಡಿಟ್ಟಿದ್ದನ್ನೆಲ್ಲ ಸುರಿದಳು: ಹಾಡುತ್ತಿದ್ದಳು, ಬೈಯುತ್ತಿದ್ದಳು, ನಿನ್ನನ್ನು ಸೊಂಟದಿಂದ ಕೆಳಗಿಳಿಸುತ್ತಲೇ ಇರಲಿಲ್ಲ. ಕೊನೆಯ ಮಾತಿಗೆ ತಂಗಿ ಪರದೆಯಿಂದ ಮುಖ ತಿರುಗಿಸಿದಳು. ಆ ಮೇಲೆ ಬಹುಕಾಲ ಫೋನು ಬರಲಿಲ್ಲ. ಇನ್ನು ಅವಳು ಬರುವುದುಂಟೇ ಎಂದು ಹುಲಿಗೆಮ್ಮ ಆಸೆ ಬಿಟ್ಟಳು.

ಆದರೆ ಮರುವರ್ಷದ ಪಿತೃಪಕ್ಷಕ್ಕೆ ಮಾರಾ ಬೀರೂರಿನಲ್ಲಿ ರೈಲಿಳಿದಳು. ಎಡೆಯ ಪಕ್ಕದಲ್ಲಿ, ಹೊಸ ಸೀರೆಯ ಮೇಲೆ, ಆ ನೀಲಿ ಶಾಲನ್ನು ತಾನೇ ಹರಡಿದಳು. ಅಕ್ಕ ಬಾಗಿಲೆಳೆದುಕೊಂಡಳು. ಇಬ್ಬರೂ ಜಗಲಿಯಲ್ಲಿ ಕೂತರು.

ಹೊತ್ತಾಯಿತು. ಅಕ್ಕ ಎದ್ದು ಬಾಗಿಲು ತಟ್ಟಲು ಕೈಯೆತ್ತಿದಳು. ತಂಗಿ ಆ ಕೈಯನ್ನು ಹಿಡಿದುಕೊಂಡಳು.

"ಅಸ್ಪೆತ್ತಾ" ಎಂದಳು. ತಾಳು.

ಕದಕ್ಕೆ ಕಿವಿಯಿಟ್ಟು ಮೆಲ್ಲಗೆ ಮತ್ತೊಂದು ಮಾತು ಸೇರಿಸಿದಳು: "ಮಾಂಜಾ." ಉಣ್ಣುತ್ತಾಳೆ.

ಹುಲಿಗೆಮ್ಮ ಕೈಯಿಳಿಸಿ ಮತ್ತೆ ಅವಳ ಪಕ್ಕದಲ್ಲಿ ಕೂತಳು.