ಉಳಿದ ಬ್ಯಾಟರಿ

ನಾಗರಾಜು ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ. ಬಿಡದಿಯ ಕಾರ್ಖಾನೆ ಸೇರಿ, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದನ್ನು ಕೊಂಡ ಮೇಲೆ ಅವನ ಜುಗ್ಗತನವೆಲ್ಲ ಅದರ ಬ್ಯಾಟರಿಗೆ ತಿರುಗಿತು. ಪರದೆಯ ಬೆಳಕು ಸದಾ ತಳಕ್ಕೆ ಇಳಿದಿರಬೇಕು. ಏರಿಸಲು ಯಾರಾದರೂ ಕೈ ಚಾಚಿದರೆ, "ಬ್ಯಾಟ್ರಿ ತಿಂದಾಕ್ಬುಡ್ತದೆ, ಮುಟ್ಬೇಡ" ಎನ್ನುತ್ತಿದ್ದ. ಕೈಲಾಂಚದ ಮನೆಯಲ್ಲಿ ತಂಗಿ ರಮ್ಯಾ ಇದನ್ನು ಕಂಡು ನಗುತ್ತಿದ್ದಳು.

ಅದೇ ರಮ್ಯಾಳಿಗೆ ಕಬ್ಬಾಳಿನಿಂದ ಒಂದು ಸಂಬಂಧ ಬಂತು. ಹುಡುಗ ಮನೋಹರ್. ಗೆಳತಿಯ ಬೀಗರೂಟದಲ್ಲಿ ಅವನು ಬಡಿಸುವುದನ್ನು ಬಿಟ್ಟು, ಕಣ್ಣು ಕಾಣದ ಮುದುಕಿಯೊಬ್ಬಳ ಎಲೆಯ ಮುಂದೆ ಕೂತು ಮುದ್ದೆ ಮುರಿದುಕೊಟ್ಟದ್ದನ್ನು ಅವಳು ನೋಡಿದ್ದಳು. ಅವನು ಇವಳನ್ನು ನೋಡಿರಲಿಲ್ಲ.

"ಇದೊಂದು ಆದ್ರೆ ಸಾಕು ಕಣಣ್ಣ" ಎಂದಳು, ತಲೆ ತಗ್ಗಿಸಿ.

ಹಿಪ್ಪುನೇರಳೆ ತೋಟದಲ್ಲಿ ನಿಲ್ಲಿಸಿ ತೆಗೆದ ಅವಳ ಫೋಟೋವನ್ನು ಪ್ರಿಂಟ್ ಹಾಕಿಸುವುದು ದಂಡವೆಂದು, ಲ್ಯಾಪ್‌ಟಾಪಿನಲ್ಲೇ ತೋರಿಸಲು ನಾಗರಾಜು ಹೊರಟ. ಕಬ್ಬಾಳಿನಲ್ಲಿ ಕರೆಂಟ್ ಇರಲಿಲ್ಲ. ಜಗಲಿಯ ಮೇಲೆ, ಕಣ್ಣು ಕುಕ್ಕುವ ಬಿಸಿಲಲ್ಲಿ, ಹುಡುಗನ ತಾಯಿ ಸಿದ್ದಮ್ಮ ಪರದೆಗೆ ಬಗ್ಗಿ ನೋಡಿದರು.

"ಹುಡ್ಗಿ ಒಸಿ ಕಪ್ಪಲ್ವೇನಪ್ಪ?"

"ಇಲ್ಲ ಕಣವ್ವ, ಬಿಸ್ಲಿಗೆ ಹಂಗೆ ಕಾಣ್ತದೆ."

ಬೆಳಕು ಏರಿಸುವ ಗುಂಡಿ ಬೆರಳ ತುದಿಯಲ್ಲೇ ಇತ್ತು. ಆದರೆ ವಾಪಸು ಬಸ್ಸಿನಲ್ಲಿ ನೋಡಲೆಂದು ಮಹರಾಯ ಹಳೆಯ ಕ್ರಿಕೆಟ್ ಪಂದ್ಯವೊಂದನ್ನು ತುಂಬಿಸಿಕೊಂಡಿದ್ದ. ಬ್ಯಾಟರಿ ಅದಕ್ಕೆ ಸಾಲಬೇಕಲ್ಲ. ಲ್ಯಾಪ್‌ಟಾಪ್ ಮುಚ್ಚಿದ, ಕಾಫಿ ಕುಡಿದ, ದಾರಿಯುದ್ದಕ್ಕೂ ಪಂದ್ಯ ನೋಡಿದ.

ಹೆಣ್ಣು ಒಪ್ಪಿಗೆಯಿಲ್ಲವೆಂದು ಕಬ್ಬಾಳಿನವರು ಹೇಳಿ ಕಳಿಸಿದರು. ಗುಣಕ್ಕಿಂತ ಮೊದಲು ಬಣ್ಣ ಕೇಳುವ ಜನಕ್ಕೆ ಏನೆನ್ನುವುದು. ರಮ್ಯಾ ಅಳಲಿಲ್ಲ. ಕನ್ನಡಿಯ ಮುಂದೆ ನಿಲ್ಲುವುದನ್ನು ಮಾತ್ರ ಬಿಟ್ಟಳು.

ಮರುವರ್ಷ ಅಣ್ಣ ತಂಗಿ ಕಬ್ಬಾಳಮ್ಮನ ಗುಡಿಗೆ ಹೋದಾಗ ಸಿದ್ದಮ್ಮ ಎದುರಾದರು. ಹಿಂದೆ ಮನೋಹರ್, ಅವನ ಪಕ್ಕದಲ್ಲಿ ಹೊಸ ಹೆಂಡತಿ. ಸಿದ್ದಮ್ಮ ರಮ್ಯಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅವತ್ತು ತೋರ್ಸಿದ್ದು ಇವಳ್ನೇನಪ್ಪ? ಅದ್ರಲ್ಲಿ ಕರ್ರಗೆ ಕಂಡ್ಳಲ್ಲ."

ಮನೋಹರ್ ಒಮ್ಮೆ ತಲೆಯೆತ್ತಿ ನೋಡಿ, ಹೆಂಡತಿಯ ಕೈಯಿಂದ ಪೂಜೆಯ ಬುಟ್ಟಿ ಇಸಿದುಕೊಂಡು ಮುಂದೆ ನಡೆದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಮಾನವಲ್ಲ, ತಂಗಿ ಬಾಯಿಬಿಟ್ಟು ಕೇಳಿದ್ದ ಒಂದೇ ಒಂದು ಆಸೆ.

ಬಸ್ಸಿನಲ್ಲಿ ರಮ್ಯಾ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು.

"ಅವತ್ತೂ ಬೆಳಕು ತಗ್ಸಿಟ್ಟಿದ್ದಾ ಅಣ್ಣ?"

"ಬ್ಯಾಟ್ರಿ ಉಳೀಲಿ ಅಂತ..."

"ಉಳೀತಾ?"

ಉಳಿದಿತ್ತು. ಪಂದ್ಯ ಮುಗಿದು ಮನೆ ಸೇರಿದ ಮೇಲೂ ಉಳಿದಿತ್ತು.