ಒಂದೇ ದೀಪದ ಫೋಟೊ

ಚಿತ್ತಾಪುರದಲ್ಲಿ ಕೋರ್ಟಿನ ಎದುರಿಗೇ ಸೂಗಪ್ಪನ ಸ್ಟುಡಿಯೊ. ಮದುವೆಯ ಫೋಟೊ ತೆಗೆಯುವ ಹುಡುಗರು ಓಣಿಗೊಬ್ಬರಂತೆ ಹುಟ್ಟಿಕೊಂಡರೂ ಅವನ ಅನ್ನಕ್ಕೆ ಕಲ್ಲು ಬಿದ್ದಿರಲಿಲ್ಲ. ಅವನದು ಕೋರ್ಟಿನ ಕೆಲಸ. ಹೊಲದ ಬದು ಒತ್ತಲಿ, ವಾಡಿ ರಸ್ತೆಯಲ್ಲಿ ಲಾರಿ ಯಾರಿಗಾದರೂ ಹಾಯಲಿ, ವಕೀಲರು ಅವನನ್ನೇ ಕರೆಯುತ್ತಿದ್ದರು. ಅವನು ಫೋಟೊ ತೆಗೆದು, ಇದನ್ನು ತಿದ್ದಿಲ್ಲವೆಂದು ಬರೆದು ಸಹಿ ಮಾಡುತ್ತಿದ್ದ. ಬೇಕಾದರೆ ಕಟಕಟೆ ಹತ್ತಿ ಅದನ್ನೇ ಬಾಯಿಬಿಟ್ಟು ಹೇಳಿ ಬರುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನ ಮಾತನ್ನು ಅಲುಗಾಡಿಸಿದ ಗಂಡಸು ಹುಟ್ಟಿರಲಿಲ್ಲ.

ಅಂಥವನು ಒಂದು ದಿನ ದೀಪ ಸರಿಸಿದ. ಅದೂ ಒಡಹುಟ್ಟಿದ ತಂಗಿಯ ಸಲುವಾಗಿ.

ತಂಗಿ ಭಾಗ್ಯಶ್ರೀ ಶಹಾಬಾದಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಮೂವತ್ತು ತುಂಬುವ ಹೊತ್ತಿಗೆ ಕ್ಷಯ ಹತ್ತಿ ವರ್ಷಗಟ್ಟಲೆ ಮಲಗಿದಳು. ರೋಗ ಹೋಯಿತು, ಮೈಗೆ ತೂಕ ಬಂತು, ಕೆನ್ನೆ ಮಾತ್ರ ಬರಲಿಲ್ಲ. ಎರಡೂ ಕಡೆ ಹೆಬ್ಬೆರಳು ಒತ್ತಿ ತೆಗೆದ ಹಿಟ್ಟಿನಂತೆ ತಗ್ಗು. ಮಕ್ಕಳು ‘ತಗ್ಗಿನ ಟೀಚರ್’ ಎಂದು ಹೆಸರಿಟ್ಟರು. ಮಕ್ಕಳ ಬಾಯಿಗೆ ಬೀಗ ಹಾಕುವವರು ಯಾರು? ಅವಳು ಪಾಠವನ್ನೆಲ್ಲ ಹಲಗೆಯ ಕಡೆ ಮುಖ ಮಾಡಿಯೇ ಮುಗಿಸುವುದನ್ನು ಕಲಿತಳು.

ಆಗ ಕಲಬುರಗಿಯ ಒಂದು ಹೊಸ ದವಾಖಾನೆಯ ಸುದ್ದಿ ಬಂತು. ಹೊಟ್ಟೆಯ ಕೊಬ್ಬು ತೆಗೆದು ಕೆನ್ನೆಗೆ ತುಂಬುತ್ತಾರಂತೆ. ಅದಕ್ಕೆ ಸ್ಟೆಮ್ ಸೆಲ್ ಬೆರೆಸಿದರೆ ಕೊಬ್ಬು ಕರಗದೆ ನಿಲ್ಲುತ್ತದಂತೆ. ನಿಲ್ಲುತ್ತದೋ ಇಲ್ಲವೋ ನೋಡುವುದಕ್ಕೆ ಕೆಲವರಿಗೆ ಪುಕ್ಕಟೆ ಮಾಡುತ್ತಿದ್ದರು. ಬಲಗೆನ್ನೆಗೆ ಸ್ಟೆಮ್ ಸೆಲ್ ಬೆರೆಸಿದ ಕೊಬ್ಬು, ಎಡಗೆನ್ನೆಗೆ ಬರೀ ಕೊಬ್ಬು. ಆರು ತಿಂಗಳಿಗೆ ಫೋಟೊ. ಕರಗಿದ್ದನ್ನು ತುಂಬುವುದಕ್ಕೆ ಆಮೇಲೆ ಎರಡನೇ ಸಲ ಸೂಜಿ. ಭಾಗ್ಯಶ್ರೀ ಒಪ್ಪಿದಳು. ಆ ದವಾಖಾನೆಯ ಮ್ಯಾನೇಜರ್ ಸಂತೋಷಕುಮಾರ, ಕೋರ್ಟು ನಂಬುವ ಕೈ ನಿಮ್ಮದು, ಫೋಟೊ ನಿಮ್ಮಲ್ಲೇ ಆಗಲಿ ಎಂದು ಸೂಗಪ್ಪನಿಗೇ ಒಪ್ಪಿಸಿದ.

ಮೊದಲ ಸೂಜಿಯಾದ ಆರು ತಿಂಗಳಿಗೆ ಸೂಗಪ್ಪ ತಂಗಿಯನ್ನು ಕುರ್ಚಿಯಲ್ಲಿ ಕೂಡಿಸಿ ಎರಡೂ ಬದಿಗೆ ದೀಪ ಹಚ್ಚಿ ನೋಡಿದ. ಕೆನ್ನೆ ತುಂಬಿದ್ದವು, ಪೂರಾ ಅಲ್ಲ, ಅರ್ಧ. ಆದರೆ ಬಲಕ್ಕೂ ಎಡಕ್ಕೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಇದನ್ನೇ ಅವನು ಸಂತೋಷಕುಮಾರನಿಗೆ ಫೋನಿನಲ್ಲಿ ಹೇಳಿದ.

“ಫೋಟೊದಾಗ ಫರಕ್ ಕಾಣ್ಬೇಕ್ರಿ ಸೂಗಪ್ಪನವರ,” ಎಂದ ಅವನು. “ಫರಕ್ ಇಲ್ಲಂದ್ರ ಇದೆಲ್ಲಾ ಇಲ್ಲಿಗೇ ಬಂದ್. ಎರಡನೇ ಸೂಜಿ ಯಾರಿಗೂ ಇಲ್ಲ.”

ಅರ್ಧ ತುಂಬಿದ ಕೆನ್ನೆ ಹಾಗೇ ಉಳಿದರೆ ತಂಗಿ ಇನ್ನೆಷ್ಟು ವರ್ಷ ಹಲಗೆ ನೋಡಿಕೊಂಡು ಪಾಠ ಹೇಳಬೇಕು? ಸೂಗಪ್ಪ ಎಡಗಡೆಯ ದೀಪ ಆರಿಸಿದ. ಬಲಗಡೆಯದನ್ನು ಒಂದು ಮೊಳ ಮುಂದಕ್ಕೆ ಸರಿಸಿದ. ಯಾಕೆಂದು ತಂಗಿ ಕೇಳಿದಾಗ ಬಲ್ಬು ಹೋಗಿದೆ ಎಂದ. ಫೋಟೊದಲ್ಲಿ ಬಲಗೆನ್ನೆ ಬೆಣ್ಣೆಯಂತೆ ಹೊಳೆಯಿತು, ಎಡಗೆನ್ನೆಯಲ್ಲಿ ಬಾವಿಯಂಥ ನೆರಳು. ತಾನೇನೂ ತಿದ್ದಿಲ್ಲ, ಕಂಪ್ಯೂಟರ್ ಮುಟ್ಟಿಯೇ ಇಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಕಳ್ಳನೂ ಹೀಗೆಯೇ, ಬಾಗಿಲು ಮುರಿದಿಲ್ಲ, ತೆರೆದೇ ಇತ್ತು ಎನ್ನುತ್ತಾನೆ.

ತಿಂಗಳೊಪ್ಪತ್ತಿನಲ್ಲಿ ಆ ಫೋಟೊ ಆಳೆತ್ತರದ ಬ್ಯಾನರಾಗಿ ಸೇಡಂ, ಚಿತ್ತಾಪುರ, ಶಹಾಬಾದಿನ ಬಸ್ ನಿಲ್ದಾಣಗಳಲ್ಲಿ ನಿಂತಿತು. ಕಣ್ಣಿಗೆ ಕಪ್ಪು ಪಟ್ಟಿ ಬಳಿದಿದ್ದರು. ಆದರೆ ಊರಿನವರಿಗೆ ಗುರುತು ಹಿಡಿಯಲು ಕಣ್ಣೇ ಬೇಕೇ? ಬಲಗೆನ್ನೆಯ ಕೆಳಗೆ ಸ್ಟೆಮ್ ಸೆಲ್, ಎಡಗೆನ್ನೆಯ ಕೆಳಗೆ ಹಳೆಯ ಪದ್ಧತಿ ಎಂದು ಬರೆಸಿದ್ದರು.

ಅಂದಿನಿಂದ ಭಾಗ್ಯಶ್ರೀಯ ಎಡಗೆನ್ನೆ ಎಲ್ಲರ ಕಣ್ಣಿಗೂ ಬತ್ತಿಹೋಯಿತು. ಬಳೆಗಾರ್ತಿ ಇಮಾಮ್ಬೀ ಕೈಗೆ ಬಳೆ ಏರಿಸುತ್ತ ಮುಖ ನೋಡಿ, “ಒಂದ್ ಗಲ್ಲ ಸೇಬಿನಂಗ್ ಆಗ್ಯಾದವ್ವ, ಇನ್ನೊಂದಕ್ಕ ಯಾಕ ಮೋಸ ಮಾಡಿದ್ರು?” ಎಂದಳು. ತಾಯಿ ಶಿವಕಾಂತಮ್ಮ ರೊಟ್ಟಿಯನ್ನು ಎಡಗಡೆಯೇ ಅಗಿಯಬೇಕೆಂದು ಮಗಳ ಬೆನ್ನು ಹತ್ತಿದಳು. ಶಾಲೆಯ ಮಕ್ಕಳು ಹೊಸ ಹೆಸರಿಟ್ಟರು, ‘ಒಂದು ಗಲ್ಲದ ಟೀಚರ್’. ನಿಜವಾದ ಮುಖ ಎದುರಿಗೇ ಇದ್ದರೂ ಜನ ನೋಡಿದ್ದು ಬ್ಯಾನರನ್ನೇ. ಭಾಗ್ಯಶ್ರೀ ಕೂಡ ಕನ್ನಡಿಯ ಮುಂದೆ ಎಡಗೆನ್ನೆ ಮರೆಮಾಡಿ ನಿಲ್ಲತೊಡಗಿದಳು. ಒಂದು ಸಲವಂತೂ ಸೂಗಪ್ಪನಿಗೇ ಅವಳ ಎಡಗೆನ್ನೆ ಕುಸಿದಂತೆ ಕಂಡಿತು. ನಿಜ ಹೇಳಲೇ ಎಂದು ದಿನಾ ಬಾಯಿ ತೆರೆಯುತ್ತಿದ್ದ, ದಿನಾ ಮುಚ್ಚುತ್ತಿದ್ದ. ಎರಡನೇ ಸೂಜಿ ಒಂದು ಆಗಿಹೋಗಲಿ, ಎಲ್ಲ ಸರಿಹೋಗುತ್ತದೆ ಎಂದು ಕಾದ.

ಆ ದಿನವೂ ಬಂತು. ಕಲಬುರಗಿಯ ದವಾಖಾನೆಯಲ್ಲಿ ಭಾಗ್ಯಶ್ರೀಯನ್ನು ಮಂಚದ ಮೇಲೆ ಮಲಗಿಸಿದರು. ನರ್ಸು ನೇರಳೆ ಶಾಯಿಯಿಂದ ಎಡಗೆನ್ನೆಯ ಮೇಲೆ ದೊಡ್ಡ ಸೊನ್ನೆ ಬರೆದು ಪೆನ್ನು ಮುಚ್ಚಿಟ್ಟಳು. ಬಲಗೆನ್ನೆಗೆ ಏನೂ ಬರೆಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೂಗಪ್ಪ ಬಲಕ್ಕೆ ಯಾಕಿಲ್ಲ ಎಂದು ಕೇಳಿದ. ಫೈಲಿನ ಪ್ರಕಾರ ಬಲಗೆನ್ನೆ ಪೂರಾ ನಿಂತಿದೆ, ಎಡಕ್ಕಷ್ಟೇ ತುಂಬುವುದು ಎಂದರು, ದವಾಖಾನೆಯವರು ಡಾಕ್ಟರ್ ಬಾಯಿ ಎಂದು ಕರೆಯುವ ಡಾಕ್ಟರಮ್ಮ. ಆರು ತಿಂಗಳ ಫೋಟೊ ತೆಗೆದು ತೋರಿಸಿದರು. ಅವನದೇ ಫೋಟೊ.

ಸೂಗಪ್ಪ ಒಳಗೆ ನುಗ್ಗಿದ. ಎಡಕ್ಕಷ್ಟೇ ತುಂಬಿದರೆ ಎಡ ಪೂರಾ, ಬಲ ಅರ್ಧ, ಇವತ್ತಿನವರೆಗೆ ಇಲ್ಲದ ವ್ಯತ್ಯಾಸ ನಿಜವಾಗುತ್ತದೆ. ತಂಗಿಯ ಮುಖ ಸೊಟ್ಟಾಗುತ್ತದೆ.

“ಬಾಯಾರ, ಸೂಜಿ ಹಾಕಬ್ಯಾಡ್ರಿ,” ಎಂದ. “ಆ ಫೋಟೊ ಸುಳ್ಳದ. ನಾನೇ ದೀಪ ಸರ್ಸೀನಿ.”

ಮಂಚದ ಮೇಲೆ ಭಾಗ್ಯಶ್ರೀ ಎದ್ದು ಕೂತಳು. ಎರಡೂ ಕೈ ಎತ್ತಿ ಎರಡೂ ಕೆನ್ನೆ ಮುಟ್ಟಿ ನೋಡಿಕೊಂಡಳು, ಬೇರೆ ಯಾರದೋ ಮುಖ ಮುಟ್ಟಿದಂತೆ.

ಡಾಕ್ಟರ್ ಬಾಯಿ ಕೈಗವಸು ತೆಗೆದು ತಾವೂ ಮುಟ್ಟಿ ನೋಡಿದರು. ಅವರ ಮುಖ ಗಂಟಾಯಿತು. ಎರಡೂ ಒಂದೇ ಆಗಿವೆ ಎಂದು ಒಪ್ಪಿದರು. ಸ್ಟೆಮ್ ಸೆಲ್ಲಿನಿಂದ ಲಾಭವಿದೆಯೋ ಇಲ್ಲವೋ ಇನ್ನೂ ಎಲ್ಲಿಯೂ ಪಕ್ಕಾ ಆಗಿಲ್ಲ, ಅದನ್ನು ತಿಳಿಯುವುದಕ್ಕೇ ಫೋಟೊ ತೆಗೆಸಿದ್ದು, ನೀವು ಅದನ್ನೇ ಹಾಳು ಮಾಡಿದಿರಿ ಎಂದು ಗದರಿದರು. ಎರಡೂ ಕಡೆ ತುಂಬಿಕೊಡಲು ತಯಾರು, ಆದರೆ ಫೈಲಿನಲ್ಲಿ ಇರುವುದಕ್ಕೆ ವಿರುದ್ಧ ಸೂಜಿ ಹಾಕಲಾಗದು. ಫೋಟೊ ಬೇಕೆಂದೇ ಸುಳ್ಳಾಗಿ ತೆಗೆದದ್ದೆಂದು ಬರೆದು ಸಹಿ ಮಾಡಿಕೊಡಬೇಕು. ಇಲ್ಲವಾದರೆ ಇವತ್ತು ಏನೂ ಇಲ್ಲ, ಮುಂದೆಯೂ ಇಲ್ಲ.

ಸೂಗಪ್ಪ, ಗದ್ದಲ ಕೇಳಿ ಒಳಗೆ ಬಂದಿದ್ದ ಸಂತೋಷಕುಮಾರನ ಕಡೆ ಬೆರಳು ತೋರಿಸಿ, ಇವನೇ ಮಾಡಿಸಿದ್ದು ಎಂದ.

“ಫರಕ್ ಕಾಣ್ಬೇಕು ಅಂದೆ,” ಎಂದ ಸಂತೋಷಕುಮಾರ ತಣ್ಣಗೆ. “ದೀಪ ಸರಸು ಅಂದ್ನೇನು? ಬರ್ದು ಕೊಡ್ರಿ. ಕೋರ್ಟಿನ ಫೋಟೊಗ್ರಾಫರ್ ಬರ್ದು ಕೊಟ್ಟಿದ್ದು ಅಂದ್ರ ಆ ಕಾಗದಕ್ಕ ಭಾಳ ಕಿಮ್ಮತ್ ಇರ್ತದ.”

ಸೂಗಪ್ಪನ ಮುಂದೆ ಬಿಳಿ ಹಾಳೆ ಇಟ್ಟರು. ಪೆನ್ನು ಹಿಡಿದ. ಸೋಮವಾರ ಸೇಡಂ ಕೋರ್ಟಿನಲ್ಲಿ ಅವನ ಸಾಕ್ಷಿಯಿತ್ತು. ಕೊಡ್ಲಿ ಊರಿನ ಹಣಮಮ್ಮನ ಗಂಡ ಲಾರಿಗೆ ಸಿಕ್ಕು ಸತ್ತಿದ್ದ. ಲಾರಿ ರಸ್ತೆಯ ತಪ್ಪು ಬದಿಗೆ ನಿಂತಿತ್ತು ಎನ್ನುವುದಕ್ಕೆ ಸೂಗಪ್ಪನ ನಾಲ್ಕು ಫೋಟೊ ಬಿಟ್ಟರೆ ಆ ವಿಧವೆಗೆ ಬೇರೆ ದಿಕ್ಕಿರಲಿಲ್ಲ. ಈ ಹಾಳೆ ಎದುರು ಪಕ್ಷದ ವಕೀಲನ ಕೈ ಸೇರಿದರೆ ಆ ನಾಲ್ಕು ಬರೀ ಕಾಗದ. ಇಪ್ಪತ್ತೆರಡು ವರ್ಷ ಸಹಿ ಮಾಡಿದ್ದೆಲ್ಲ ಬರೀ ಕಾಗದ. ಬರೆಯದಿದ್ದರೆ ತಂಗಿಯ ಮುಖ ಅರ್ಧಕ್ಕೇ ಉಳಿಯುತ್ತದೆ. ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ? ದೀಪ ಸರಿಸಿದ ಕೈಯೇ ಈಗ ಪೆನ್ನು ಹಿಡಿದಿತ್ತು.

“ಅಣ್ಣ,” ಎಂದಳು ಭಾಗ್ಯಶ್ರೀ. “ಬರೀತಿ ಏನು?”

ಗೋಡೆಯ ಫ್ಯಾನು ಆ ಕಡೆಯಿಂದ ಈ ಕಡೆಗೆ ಎರಡು ಸಲ ತಿರುಗಿತು. ಹಾಳೆ ಬಿಳಿಯಾಗಿಯೇ ಉಳಿದಿತ್ತು.

ಅವಳು ಮಂಚ ಇಳಿದು ಚಪ್ಪಲಿ ಮೆಟ್ಟಿದಳು. “ನಡಿ. ಬಸ್ಸಿಗಿ ಹೊತ್ತಾಯ್ತು.”

“ನಿಂದ್ರು, ಬರೀತೀನಿ,” ಎಂದ ಅವನು. ಅವಳು ಅಷ್ಟರಲ್ಲೇ ಬಾಗಿಲು ದಾಟಿದ್ದಳು. ಅವನು ಬರೆಯಲಿಲ್ಲ. ಪೆನ್ನಿಟ್ಟು ಅವಳ ಹಿಂದೆ ಹೋದ.

ಬಸ್ಸಿನಲ್ಲಿ ಅವಳು ಸೆರಗಿಗೆ ನೀರು ಹಚ್ಚಿ ಎಡಗೆನ್ನೆಯ ಸೊನ್ನೆಯನ್ನು ತಿಕ್ಕಿದಳು. ಶಾಯಿ ಹೋಗಲಿಲ್ಲ, ಹರಡಿತು. ಆಮೇಲೆ ಬಿಟ್ಟು, ಎಡಗೆನ್ನೆಯನ್ನು ಕಿಟಕಿಗೆ ಕೊಟ್ಟು ಕೂತಳು. ಚಿತ್ತಾಪುರ ಬರುವತನಕ ಸೂಗಪ್ಪನಿಗೆ ಕಂಡದ್ದು ಬಲಗೆನ್ನೆಯೊಂದೇ. ನಾಳೆ ಶಾಲೆಗೆ ಹೋಗುತ್ತೀಯಾ ಎಂದು ಕೇಳಬೇಕೆಂದಿದ್ದ. ಅಷ್ಟರಲ್ಲಿ ಪಕ್ಕದ ಸೀಟಿನಲ್ಲಿದ್ದ ವಕೀಲರ ಗುಮಾಸ್ತನೊಬ್ಬ ಅವನ ಗುರುತು ಹಿಡಿದು, ಸೋಮವಾರ ಹನ್ನೊಂದಕ್ಕೆ ಸೇಡಂನಲ್ಲಿ ಇರಬೇಕು, ಹಣಮಮ್ಮ ನಿಮ್ಮನ್ನೇ ನಂಬಿ ಕೂತಿದ್ದಾಳೆ ಎಂದ.

ಬರುತ್ತೇನೆ ಎಂದ ಸೂಗಪ್ಪ. ಭಾಗ್ಯಶ್ರೀ ತಿರುಗಿ, ಹಾಳೆ ಬಿಳಿಯಾಗಿ ಉಳಿದದ್ದು ಯಾಕೆಂದು ಈಗ ತಿಳಿದವಳಂತೆ ಅಣ್ಣನ ಮುಖ ನೋಡಿದಳು. ಮತ್ತೆ ಕಿಟಕಿಯ ಕಡೆ ತಿರುಗಿಕೊಂಡಳು.